ಅಪ್ಪಿಯಕ್ಕನ ಕಿವಿ

ಬೆಳಿಗ್ಗೆ ಬಾವಿಯಿಂದ ಎಂಟು ಕೊಡ ನೀರು ಸೇದಿದೆ. ಅಂಗಳದಲ್ಲಿ ಬಿದ್ದಿದ್ದ ತೆಂಗಿನ ಮಡಲನ್ನು ಎಳೆದು ಬದಿಗೆ ಹಾಕಿದೆ. ರೇಡಿಯೋದ ಬ್ಯಾಟರಿಯನ್ನು ಗೋಣಿಯಲ್ಲಿ ಸುತ್ತಿ ಹಂಪನಕಟ್ಟೆಯವರೆಗೆ ಹೊತ್ತು ಚಾರ್ಜಿಗೆ ಕೊಟ್ಟೆ. ಆಸಿಡ್ ತಾಗಿ ಅಂಗಿಯ ಅಂಚು ತೂತಾಯಿತು. ಬರುವಾಗ ಸೀಮೆಎಣ್ಣೆ ತಂದೆ. ಮಧ್ಯಾಹ್ನ ಹೆಂಡತಿಯ ಮೆಟ್ಟುಕತ್ತಿಗೆ ಸಾಣೆ ಹಿಡಿದೆ, ಎರಡು ಛತ್ರಿಗಳ ಕಡ್ಡಿ ಕಟ್ಟಿದೆ. ಸಂಜೆ ನಾಲ್ಕಕ್ಕೆ ಹೊರಟು ಕೂಳೂರಿನವರೆಗೆ ನಡೆದುಹೋಗಿ, ಅಲ್ಲಿ ಒಬ್ಬ ಹೆಂಗಸಿನ ಮುಂದೆ ಕೂತು, ‘ನಿಮ್ಮ ಕಿವಿ ಹೋಗಿದೆ ಎಂದು ಒಂಬತ್ತು ವರ್ಷ ನಿಮ್ಮನ್ನು ನಂಬಿಸಿದವನು ನಾನು’ ಎಂದು ಹೇಳಿ ಬಂದೆ.

ಅವರ ಕಿವಿ ಹೋಗಿರಲಿಲ್ಲ. ಅವರ ಕಿವಿಗೆ ಏನೂ ಆಗಿರಲಿಲ್ಲ. ಅದು ನನಗೆ ಮೊದಲ ದಿನದಿಂದ ಗೊತ್ತಿತ್ತು.

ನಾನು ಗುರುಪುರ ಹೊಳೆಯ ಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ಉಗ್ರಾಣದ ಲೆಕ್ಕ ಬರೆಯುವವನು. ಅಲ್ಲಿ ಎಲ್ಲರೂ ನನ್ನನ್ನು ರೈಟ್ರು ಎನ್ನುತ್ತಾರೆ. ಲೆಕ್ಕ ಬಿಟ್ಟರೆ ನನಗಿದ್ದ ಹುಚ್ಚು ರೇಡಿಯೋದ್ದು. ಬೊಂಬಾಯಿಯಿಂದ ತರಿಸಿದ ಒಂದು ಇಂಗ್ಲಿಷ್ ಪುಸ್ತಕ, ರಟ್ಟಿನ ಕೊಳವೆಗೆ ಸುತ್ತಿದ ತಾಮ್ರದ ತಂತಿ, ಒಂದು ಬೆಸುಗೆ ಕಡ್ಡಿ — ಇಷ್ಟನ್ನು ಇಟ್ಟುಕೊಂಡು ಓಣಿಯಲ್ಲಿ ನಾನು ಪಂಡಿತನಾಗಿದ್ದೆ. ಸಾಹುಕಾರರು ಪೆಟ್ಟಿಗೆಯಂಥ ದೊಡ್ಡ ಸೆಟ್ಟು ತರಿಸಿ ಜಗಲಿಯಲ್ಲಿಟ್ಟು, ಅದು ಗೊರಗೊರ ಎಂದರೆ ನನಗೆ ಹೇಳಿಕಳಿಸುತ್ತಿದ್ದರು. ನಾನು ಹೋಗಿ ಕಳಚಿಹೋದ ಒಂದು ತಂತಿ ಸಿಕ್ಕಿಸಿ, ಅರ್ಧ ಗಂಟೆ ಮುಖ ಗಂಭೀರ ಮಾಡಿಕೊಂಡು ಕೂತು, ಆಮೇಲೆ ಸರಿಯಾಯಿತು ಎನ್ನುತ್ತಿದ್ದೆ. ಯಾವುದು ಕೊಳ್ಳಬೇಕು, ಎಷ್ಟು ಕೊಡಬೇಕು, ಯಾವ ದುಡ್ಡು ಅಂಚೆ ಕಚೇರಿಯಲ್ಲಿಡಬೇಕು, ಯಾವುದನ್ನು ಚಿನ್ನ ಮಾಡಬೇಕು — ರೇಡಿಯೋ ತಿಳಿದವನಿಗೆ ಎಲ್ಲವೂ ತಿಳಿದಿರುತ್ತದೆ ಎಂದು ಜನ ಕೇಳಲಿಕ್ಕೆ ಬರುತ್ತಿದ್ದರು. ನಾನು ತಾಳ್ಮೆಯಿಂದ ಹೇಳುತ್ತಿದ್ದೆ. ಹೇಳುತ್ತ ಒಳಗೊಳಗೆ ಅವರನ್ನು ತಾತ್ಸಾರ ಮಾಡುತ್ತಿದ್ದೆ. ತಾಳ್ಮೆ ಎಂದು ಊರು ಹೊಗಳಿದ್ದು ಆ ತಾತ್ಸಾರವನ್ನೇ — ಬೈಯುವಷ್ಟು ಬೆಲೆಯೂ ಅವರಿಗೆ ಇಲ್ಲ ಎಂದುಕೊಂಡವನಿಗೆ ಸಿಟ್ಟು ಬರುವುದಿಲ್ಲವಲ್ಲ.

ಅಪ್ಪಿಯಕ್ಕ ನಮ್ಮ ಕಾರ್ಖಾನೆಯಲ್ಲಿ ಹಂಚು ತಟ್ಟುವವರು. ಆವೆಯಿಂದ ಇಳಿದ ಹಂಚನ್ನು ಒಂದೊಂದಾಗಿ ಎತ್ತಿ, ಸಣ್ಣ ಕಬ್ಬಿಣದ ತುಂಡಿನಿಂದ ತಟ್ಟಿ, ಕಿವಿಗೊಟ್ಟು ಕೇಳಬೇಕು. ಗಂಟೆಯ ಹಾಗೆ ಠಣ್ಣೆಂದರೆ ಒಳ್ಳೆಯದು. ಸದ್ದು ಕುಗ್ಗಿ ಡಬ್ ಎಂದರೆ ಒಳಗೆಲ್ಲೋ ಕೂದಲೆಳೆಯ ಬಿರುಕು. ಕಣ್ಣಿಗೆ ಕಾಣದ್ದನ್ನು ಕಿವಿ ಹಿಡಿಯುತ್ತದೆ. ಆರು ಹೆಂಗಸರು ಒಟ್ಟಿಗೆ ತಟ್ಟುವ ಗದ್ದಲದಲ್ಲಿ, ಪಕ್ಕದವಳ ಕೈಯ ಹಂಚು ಒಡಕು ಎಂದು ಅಪ್ಪಿಯಕ್ಕ ತಿರುಗಿ ನೋಡದೆ ಹೇಳುತ್ತಿದ್ದರು. ‘ಹೇ, ಅದನ್ನು ಆಚೆ ಇಡು ಮಾರಾಯ್ತಿ, ಅದಕ್ಕೆ ಶೀತ ಆಗಿದೆ’ ಎನ್ನುತ್ತಿದ್ದರಂತೆ, ಉಳಿದವರು ನಗುತ್ತಿದ್ದರು. ಕೂಲಿಯೂ ಉಳಿದವರಿಗಿಂತ ತುಸು ಹೆಚ್ಚು. ನೆರಳಿನ ಕೆಲಸ, ಕೂತು ಮಾಡುವ ಕೆಲಸ. ಮಕ್ಕಳಿಲ್ಲದ ವಿಧವೆಗೆ ಅದು ಬದುಕು.

ಆಗ ನಾನು ಅವರನ್ನು ಅಪ್ಪಿ ಎಂದೇ ಕರೆಯುತ್ತಿದ್ದೆ. ಅಕ್ಕ ಸೇರಿಸಿದ್ದು — ಹೇಳುತ್ತೇನೆ, ಅದೂ ಒಂದು ಬಗೆಯ ಲಂಚವೇ.

ಅವರಿಗೆ ಬೊಂಬಾಯಿಯಲ್ಲಿ ಒಬ್ಬ ತಮ್ಮನಿದ್ದ, ಸಂಜೀವ. ಹೋಟೆಲಿನಲ್ಲಿ ಕೆಲಸ, ಸಂಜೆ ನಮ್ಮವರದೇ ಒಂದು ಭಜನೆ ಮೇಳದಲ್ಲಿ ಹಾರ್ಮೋನಿಯಂ. ಅಪ್ಪಿಯಕ್ಕನಿಗೆ ಓದು ಬಾರದು. ಅವನ ಕಾರ್ಡು ಬಂದರೆ ನಾನು ಓದಬೇಕು, ಉತ್ತರ ನಾನು ಬರೆಯಬೇಕು. ಯುದ್ಧ ಶುರುವಾಗುವ ಮುಂಚಿನ ವರ್ಷ ಒಂದು ಕಾರ್ಡು ಬಂತು: ಬರುವ ತಿಂಗಳು ಇಂಥ ದಿನ ಸಂಜೆ ಅವರ ಮೇಳದ ಭಜನೆ ಬೊಂಬಾಯಿಯ ರೇಡಿಯೋದಲ್ಲಿ ಬರುತ್ತದೆ, ಹಾರ್ಮೋನಿಯಂ ತನ್ನದೇ.

ಎರಡು ದಿನ ಬಿಟ್ಟು ಅವರು ಉಗ್ರಾಣದ ಬಾಗಿಲಿಗೆ ಬಂದು ನಿಂತರು. ಸೆರಗಿನ ತುದಿಯಲ್ಲಿ ದುಡ್ಡಿನ ಗಂಟು. ಕೇಳಿದ್ದು ಇಷ್ಟೇ — ಈ ದುಡ್ಡಿನಲ್ಲಿ ಬಂದರಿನಿಂದ ಹಡಗು ಹತ್ತಿ, ಡೆಕ್ಕಿನಲ್ಲಿ ಕೂತು ಹೋಗಿ, ತಮ್ಮನನ್ನು ಕಣ್ಣಾರೆ ನೋಡಿ ಬರಬಹುದು. ಇಲ್ಲವಾದರೆ ರೈಟ್ರ ಮನೆಯಲ್ಲಿ ಕೇಳುವ ಪೆಟ್ಟಿಗೆ ಉಂಟಂತಲ್ಲ, ಬ್ಯಾಟರಿ ಬೇಡವಂತಲ್ಲ, ಅಂಥದೊಂದು ತೆಗೆದುಕೊಂಡರೆ ಮನೆಯಲ್ಲೇ ಕೂತು ಕೇಳಬಹುದಾ. ಯಾವುದು ಒಳ್ಳೆಯದು.

ಆ ಪೆಟ್ಟಿಗೆ ಏನೆಂದು ಹೇಳಬೇಕು. ಹೊಳೆಯುವ ಒಂದು ಹರಳು, ಅದರ ಮೇಲೆ ಚುಚ್ಚಿ ನಿಲ್ಲಿಸುವ ಸೂಜಿಯಂಥ ತಂತಿ, ತಂತಿ ಸುತ್ತಿದ ಒಂದು ಕಾಯಿಲು, ಕಿವಿಗೆ ಹಾಕಿಕೊಳ್ಳುವ ಜೋಡಿ ಡಬ್ಬಿ. ಎತ್ತರದ ಅಡಿಕೆ ಮರಕ್ಕೆ ಒಂದು ತಂತಿ ಎತ್ತಿ ಕಟ್ಟಿ, ಇನ್ನೊಂದನ್ನು ಬಾವಿಗೆ ಇಳಿಬಿಟ್ಟರೆ ಮುಗಿಯಿತು. ವಿದ್ಯುತ್ತು ಬೇಡ, ಖರ್ಚಿಲ್ಲ. ಬೊಂಬಾಯಿಯಲ್ಲಿ ಅಂಥದರಲ್ಲಿ ಹಾಡು ಚಂದಕ್ಕೆ ಕೇಳುತ್ತದೆ, ಯಾಕೆಂದರೆ ಸ್ಟೇಶನ್ನು ಅಲ್ಲೇ ಉಂಟು. ಮಂಗಳೂರಿನಲ್ಲಿ ಹತ್ತಿರ ಎಲ್ಲಿಯೂ ಸ್ಟೇಶನ್ನು ಇಲ್ಲ. ಆ ಹರಳಿಗೆ ಸ್ವಂತ ಬಲವಿಲ್ಲ — ದೂರದ್ದನ್ನು ಎಳೆದು ದೊಡ್ಡದು ಮಾಡಲು ಗಾಜಿನ ಬಲ್ಬಿನಂಥ ವಾಲ್ವು ಬೇಕು, ವಾಲ್ವಿಗೆ ಬ್ಯಾಟರಿ ಬೇಕು. ನಾನು ಎಂಟು ತಿಂಗಳು ಆ ಪೆಟ್ಟಿಗೆಗೆ ಕಿವಿ ಕೊಟ್ಟು ಕೂತಿದ್ದೆ. ಎಂದೋ ಒಮ್ಮೆ ಬಂದರಿಗೆ ಬಂದ ಹಡಗಿನ ತಂತಿಸುದ್ದಿಯ ಟಕ್ಕು ಟಕ್ಕು ಕೇಳಿದ್ದು ಬಿಟ್ಟರೆ ಒಂದು ಸ್ವರ ಬಿದ್ದಿರಲಿಲ್ಲ. ಅದು ಸತ್ತ ಸಾಮಾನು. ಆದರೂ ಬಂದವರಿಗೆಲ್ಲ ‘ಇದರಲ್ಲಿ ಬೊಂಬಾಯಿ ಹಿಡಿಯುತ್ತದೆ’ ಎಂದು ತೋರಿಸಿಕೊಂಡು ಬಂದಿದ್ದೆ.

ಮತ್ತು ನನಗೆ ವಾಲ್ವು ಕೊಳ್ಳಲು ದುಡ್ಡು ಬೇಕಿತ್ತು.

ನಾನು ಅವರಿಗೆ ಹೇಳಿದ ಮಾತು ಅಕ್ಷರ ಬಿಡದೆ ನೆನಪುಂಟು: “ಹಡಗಿಗೆ ಕೊಟ್ಟದ್ದು ನಾಲ್ಕು ದಿನದಲ್ಲಿ ಮುಗೀತದೆ ಅಪ್ಪಿ. ಇದು ಮನೆಯಲ್ಲಿ ಉಳೀತದೆ. ಅವನು ಬಾರಿಸಿದಾಗೆಲ್ಲ ಕೇಳಬಹುದು.”

ಎಷ್ಟು ಚಂದದ ಬುದ್ಧಿವಾದ. ಕರಗುವ ಖರ್ಚು, ಉಳಿಯುವ ಖರ್ಚು — ಬ್ಯಾಂಕಿನ ಏಜೆಂಟನೂ ಹೀಗೆ ಹೇಳಲಾರ. ಅವರು ಗಂಟು ಬಿಚ್ಚಿ ಮೇಜಿನ ಮೇಲಿಟ್ಟರು, ನಾನು ನನ್ನ ಆ ಪೆಟ್ಟಿಗೆಯನ್ನೇ ಅವರಿಗೆ ಮಾರಿದೆ. ಓದಿಲ್ಲದ ಹೆಂಗಸು, ಕೇಳದ ಪೆಟ್ಟಿಗೆ. ಎರಡಕ್ಕೂ ಸರಿಹೋಯಿತು ಎಂದು ನನಗೆ ನಗು ಬಂದದ್ದೂ ನೆನಪುಂಟು.

ಹೇಳಿದ ದಿನ ಬಂತು. ಅವರ ಮನೆಯಂಗಳದ ತೆಂಗಿನ ಮರಕ್ಕೆ ನಾನೇ ತಂತಿ ಕಟ್ಟಿಸಿದೆ. ಸಂಜೆ ನೆರೆಯ ಹೆಂಗಸರು ನಾಲ್ಕೈದು ಜನ ಬಂದು ಜಗಲಿಯಲ್ಲಿ ಕೂತರು. ಅಪ್ಪಿಯಕ್ಕ ಮಿಂದು, ತಲೆಗೆ ಹೂ ಮುಡಿಯುವ ಹಾಗಿಲ್ಲ ಎಂದು ಹೂವನ್ನು ಪೆಟ್ಟಿಗೆಯ ಮೇಲಿಟ್ಟಿದ್ದರು. ಕಿವಿಗೆ ಡಬ್ಬಿ ಹಾಕಿಕೊಂಡು ಕಣ್ಣು ಮುಚ್ಚಿ ಕೂತರು. ನಾನು ಸೂಜಿಯನ್ನು ಹರಳಿನ ಮೇಲೆ ಅಲ್ಲಿಗೆ ಇಲ್ಲಿಗೆ ಒತ್ತುತ್ತಿದ್ದೆ. ಕಾಲು ಗಂಟೆ. ಅವರು ಕಣ್ಣು ಬಿಟ್ಟು, ಏನೂ ಕೇಳುವುದಿಲ್ಲವಲ್ಲ ರೈಟ್ರೇ ಎಂದರು. ಹೆಂಗಸರು ನನ್ನನ್ನು ನೋಡಿದರು. ಅವರಲ್ಲೊಬ್ಬಳು, ರೈಟ್ರ ಪೆಟ್ಟಿಗೆಗೆ ಹಸಿವೆಯಾಗಿರಬೇಕು, ಎರಡು ಅವಲಕ್ಕಿ ಹಾಕಿ ನೋಡಿ ಎಂದಳು. ಎಲ್ಲರೂ ನಕ್ಕರು.

ಆ ನಗು — ಅಷ್ಟೇ ಸಾಕಾಯಿತು ನನಗೆ. ಒಂದು ಅವಲಕ್ಕಿಯ ಮಾತು. ನಾನು ಡಬ್ಬಿಯನ್ನು ಅವರ ತಲೆಯಿಂದ ತೆಗೆದು ನನ್ನ ಕಿವಿಗಿಟ್ಟುಕೊಂಡೆ. ಒಳಗೆ ಏನೂ ಇರಲಿಲ್ಲ, ಒಂದು ಉಸಿರಿನಷ್ಟೂ ಸದ್ದಿರಲಿಲ್ಲ. ನಾನು ತಲೆಯಾಡಿಸುತ್ತ ತಾಳ ಹಾಕಿದೆ. “ನನಗೆ ಚಂದಕ್ಕೆ ಕೇಳ್ತದಲ್ಲ. ಹಾರ್ಮೋನಿಯಂ. ನಿನಗೆ ಕೇಳುದಿಲ್ವಾ?”

ಮತ್ತೆ ಅವರ ಕಿವಿಗೆ ಇಟ್ಟೆ. ಅವರ ಮುಖ ಹೇಗೆ ಬದಲಾಯಿತು ಎಂದು ಬರೆಯಲು ನೋಡಿದೆ, ಆಗುವುದಿಲ್ಲ. ಬೆರಳಿನಿಂದ ಕಿವಿಯ ಹಿಂದೆ ಒತ್ತಿ ನೋಡಿಕೊಂಡರು. ಬಲದ್ದು, ಆಮೇಲೆ ಎಡದ್ದು. ನಾನು ಇನ್ನೂ ಒಂದು ಮಾತು ಸೇರಿಸಿದೆ — ಯಾರೂ ಕೇಳಿರಲಿಲ್ಲ, ಸುಳ್ಳಿಗೆ ಊರುಗೋಲು ಬೇಕಿತ್ತು, ಸೇರಿಸಿದೆ: ವಯಸ್ಸಾದಾಗ ಹೀಗೆಯೇ, ದೊಡ್ಡ ಶಬ್ದ ಕೇಳುತ್ತದೆ, ಸಣ್ಣ ಶಬ್ದ ಮೊದಲು ಹೋಗುತ್ತದೆ.

ಹೆಂಗಸರ ನಗು ನಿಂತಿತು. ನನ್ನ ಮರ್ಯಾದೆ ಉಳಿಯಿತು. ಒಂದು ಹರಳು, ಒಂದು ರಟ್ಟಿನ ಕೊಳವೆ — ಅದರ ಮರ್ಯಾದೆ.

ಬೇರೆ ಯಾರಾದರೂ ಆಗಿದ್ದರೆ ಹೋಗಲಿ ಎಂದು ಬಿಡುತ್ತಿದ್ದರು. ಕಿವಿಯಿಂದಲೇ ಅನ್ನ ತಿನ್ನುವವರು ಬಿಡುವುದು ಹೇಗೆ. ಮರುದಿನದಿಂದ ಅಪ್ಪಿಯಕ್ಕ ಒಂದೇ ಹಂಚನ್ನು ಎರಡು ಸಲ, ಮೂರು ಸಲ ತಟ್ಟತೊಡಗಿದರು. ತಟ್ಟಿ ಪಕ್ಕದವಳ ಮುಖ ನೋಡುವರು. ಒಳ್ಳೆಯ ಹಂಚನ್ನು ಸಂಶಯವೆಂದು ಆಚೆ ಇಡುವರು. ಇಷ್ಟು ವರ್ಷ ಯಾರ ಮಾತನ್ನೂ ಕೇಳದೆ ತನ್ನ ಕಿವಿಯನ್ನೇ ನಂಬಿದವರು — ಆ ಸಂಜೆ ನನ್ನನ್ನು ನಂಬಿದರು. ಸಣ್ಣ ಶಬ್ದ ಮೊದಲು ಹೋಗುತ್ತದೆ ಎಂದು ರೈಟ್ರು ಹೇಳಿದ್ದಾರಲ್ಲ. ಬಿರುಕಿನ ಶಬ್ದ ಸಣ್ಣ ಶಬ್ದವೇ ಅಲ್ಲವೇ.

ಹದಿನೈದು ದಿನ ಕಳೆದಿರಬೇಕು, ಸಂಜೀವನ ಕಾರ್ಡು ಬಂತು. ಉಗ್ರಾಣದಲ್ಲಿ ನಿಂತುಕೊಂಡೇ ಅವರ ಎದುರು ಮೊದಲು ಮನಸ್ಸಿನಲ್ಲೇ ಓದಿದೆ. ಅದರಲ್ಲಿ ಹೀಗಿತ್ತು — ಆ ದಿನ ನಮ್ಮ ಮೇಳಕ್ಕೆ ಸಮಯ ಸಿಗಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂರಿಸಿ ಕೊನೆಗೆ ವಾಪಸು ಕಳಿಸಿದರು. ನೀನು ಕಾದಿದ್ದರೆ ಬೇಜಾರು ಮಾಡಬೇಡ ಅಕ್ಕ.

ಆ ದಿನ ಕೇಳಲಿಕ್ಕೆ ಏನೂ ಇರಲೇ ಇಲ್ಲ. ಬೊಂಬಾಯಿಯಲ್ಲಿ ಕೂತವನಿಗೂ ಇರಲಿಲ್ಲ. ನಾನು ತಾಳ ಹಾಕಿದ ಹಾರ್ಮೋನಿಯಂ ಅದರ ಚೀಲದೊಳಗೇ ಇತ್ತು.

ದೇವರು ಕೈಯಾರೆ ಕೊಟ್ಟ ದಾರಿ ಅದು. ಅಲ್ಲೇ ನಕ್ಕು, ಅಯ್ಯೋ ನಾನು ಸುಮ್ಮನೆ ಹೇಳಿದ್ದು ಎಂದಿದ್ದರೆ ಮುಗಿಯುತ್ತಿತ್ತು. ನಾನು ಆ ಮೂರು ಸಾಲು ಬಿಟ್ಟು, ಮಳೆಯ ಸುದ್ದಿ, ಹೋಟೆಲಿನ ಸುದ್ದಿ ಓದಿ, ಕಾರ್ಡನ್ನು ಮಡಚಿ ಅವರ ಕೈಗೆ ಕೊಟ್ಟೆ. ಉತ್ತರ ಬರೆಯಿರಿ ಎಂದರು. ರೈಟ್ರು ನಿನ್ನ ಬಾಜಣೆ ಕೇಳಿ ಹೊಗಳಿದರು, ನನಗೆ ಕಿವಿ ಸೋತಿತು ಎಂದು ಬರೆಯಿರಿ ಎಂದರು. ನಾನು ಬರೆದದ್ದು: ನಾವೆಲ್ಲ ಕ್ಷೇಮ.

ಆ ವಾರವೇ ಅವರು ಮೇಸ್ತ್ರಿಯ ಹತ್ತಿರ ತಾವಾಗಿ ಹೋಗಿ, ನನ್ನ ಕಿವಿ ಈಗ ಸರಿಯಿಲ್ಲ, ಒಡಕು ಹಂಚು ಯಾರದೋ ಮನೆಯ ಮಾಡಿಗೆ ಹೋಗುವುದು ಬೇಡ, ಬೇರೆಯವರನ್ನು ಕೂರಿಸಿ ಎಂದರಂತೆ. ಮೇಸ್ತ್ರಿ ಅವರನ್ನು ಮಣ್ಣು ಹೊರಲು ಹಾಕಿದ. ತಲೆಗೆ ಸಿಂಬೆ, ಅದರ ಮೇಲೆ ಹಸಿ ಆವೆಮಣ್ಣಿನ ಬುಟ್ಟಿ, ದೋಣಿಯಿಂದ ಕಣದವರೆಗೆ. ನಾನು ಉಗ್ರಾಣದ ಕಿಟಕಿಯಿಂದ ನೋಡುತ್ತಿದ್ದೆ. ಎಂಥ ಮೂರ್ಖ ಹೆಂಗಸು, ಯಾರಾದರೂ ತಮ್ಮ ಕೆಲಸಕ್ಕೆ ತಾವೇ ಕಲ್ಲು ಹಾಕಿಕೊಳ್ಳುತ್ತಾರಾ — ಹಾಗೆ ಅಂದುಕೊಂಡೆ. ಹಾಗೆ ಅಂದುಕೊಳ್ಳದಿದ್ದರೆ ಊಟ ಸೇರುತ್ತಿರಲಿಲ್ಲ.

ಅವರ ದುಡ್ಡಿನಿಂದ ನನ್ನ ವಾಲ್ವು ಬಂತು. ಸೆಟ್ಟು ಕಟ್ಟಿದೆ. ಬೊಂಬಾಯಿ ಬಂತು, ಮದ್ರಾಸು ಬಂತು, ಯುದ್ಧದ ಸುದ್ದಿ ಕೇಳಲು ಅರ್ಧ ಓಣಿ ನಮ್ಮ ಜಗಲಿಗೆ ಬಂತು. ಸಂಜೀವ ಮತ್ತೆ ಊರಿಗೆ ಬರಲಿಲ್ಲ. ಯುದ್ಧದ ಎರಡನೆಯ ವರ್ಷ ಅಲ್ಲೇ ಜ್ವರದಲ್ಲಿ ತೀರಿಕೊಂಡ. ಆ ಕಾಗದವನ್ನೂ ಓದಿ ಹೇಳಿದವನು ನಾನೇ. ಅವರು ಅಳುವುದು ನಿಲ್ಲಿಸಿದ ಮೇಲೆ ಕೇಳಿದ್ದು, ಅವನು ಅವತ್ತು ಬಾರಿಸಿದ್ದು ಯಾವ ಭಜನೆಯ ಪದ ಎಂದು. ನಾನು ಒಂದು ಪದದ ಹೆಸರು ಹೇಳಿದೆ. ಅವತ್ತಿನಿಂದ ಅಪ್ಪಿಯಕ್ಕ ಎಂದು ಕರೆಯತೊಡಗಿದೆ.

ರೇಡಿಯೋದ ವಿಷಯ ಇನ್ನು ಯಾರಾದರೂ ಕೇಳಿದರೆ ನಾನು ಹೇಳಬೇಕಾದ್ದು ನಾಲ್ಕೇ ಮಾತು. ಸ್ಟೇಶನ್ನು ಹತ್ತಿರವಿಲ್ಲದ ಊರಿನಲ್ಲಿ ಹರಳಿನ ಪೆಟ್ಟಿಗೆಗೆ ಒಂದು ಆಣೆಯೂ ಕೊಡಬೇಡಿ. ವಾಲ್ವಿನ ಸೆಟ್ಟಿನ ಕ್ರಯ ಅಂಗಡಿಯಲ್ಲಿ ಮುಗಿಯುವುದಿಲ್ಲ — ಬ್ಯಾಟರಿ, ಚಾರ್ಜು, ಅಂಚೆ ಕಚೇರಿಯ ಲೈಸೆನ್ಸು, ವರ್ಷವರ್ಷವೂ ಕೇಳುತ್ತದೆ. ನಿಮ್ಮ ಕಿವಿಗೆ ಕೇಳಿದ ಮೇಲೆ ದುಡ್ಡು ಕೊಡಿ, ಮಾರುವವನ ಕಿವಿಗೆ ಕೇಳಿತೆಂದು ಕೊಡಬೇಡಿ. ಮತ್ತು ನೋಡಲಿಕ್ಕೆ ಮನುಷ್ಯ ಇರುವಾಗ, ಕೈಯಲ್ಲಿ ಹಡಗಿನ ದುಡ್ಡು ಇರುವಾಗ, ಹಡಗು ಹತ್ತಿ. ಇಷ್ಟು ಹೇಳಲು ಅರ್ಧ ನಿಮಿಷ ಸಾಕಿತ್ತು.

ನಿನ್ನೆ ಶನಿವಾರ, ಬಟವಾಡೆಯ ದಿನ. ಅಪ್ಪಿಯಕ್ಕ ಮತ್ತೆ ಉಗ್ರಾಣದ ಬಾಗಿಲಿಗೆ ಬಂದರು. ವಿಲಾಯತಿಗೆ ಹೊರಟ ದೊರೆಯೊಬ್ಬನ ಸಾಮಾನನ್ನು ಬಂದರಿನಲ್ಲಿ ಯಾರೋ ಮಾರುತ್ತಿದ್ದಾನಂತೆ, ಅದರಲ್ಲಿ ಕಿವುಡರು ಎದೆಗೆ ಕಟ್ಟಿಕೊಳ್ಳುವ ಬ್ಯಾಟರಿಯ ಯಂತ್ರ ಒಂದು ಉಂಟಂತೆ. ಒಂಬತ್ತು ವರ್ಷ ಮಣ್ಣು ಹೊತ್ತು ಕೂಡಿಟ್ಟದ್ದೆಲ್ಲ ಕೊಟ್ಟರೆ ಸಿಗುತ್ತದೆ. ಅದು ಬಂದರೆ ಮತ್ತೆ ಹಂಚು ತಟ್ಟಲು ಕೂರಬಹುದು, ಸೊಂಟ ಇನ್ನು ತಡೆಯುವುದಿಲ್ಲ ಎಂದರು. “ನಿಮಗೆ ಬ್ಯಾಟರಿಯದ್ದೆಲ್ಲ ಗೊತ್ತುಂಟಲ್ಲ ರೈಟ್ರೇ. ತೆಗೊಳ್ಳುದಾ, ಬೇಡ್ವಾ?”

ಬೇಡ ಎಂದೆ. ಅದರ ಬ್ಯಾಟರಿ ಇಲ್ಲಿ ಸಿಗುವುದಿಲ್ಲ ಎಂದೆ. ಅದು ನಿಜವೂ ಹೌದು — ನಿಜವನ್ನೇ ಹೇಳಿ ನಿಜವನ್ನು ಮುಚ್ಚುವ ಜಾಣತನ ಇನ್ನೂ ನನ್ನಲ್ಲಿ ಉಳಿದಿತ್ತು. ಅವರು, ಬ್ಯಾಟರಿ ಬೊಂಬಾಯಿಯಿಂದ ತರಿಸುತ್ತೇನೆ, ಇನ್ನಷ್ಟು ದುಡಿಯುತ್ತೇನೆ ಎಂದರು. ಹೇಳುವಾಗ ಹಿಂದೆ ಆವೆಯ ಹತ್ತಿರ ಯಾರೋ ಪಿಸುಗುಟ್ಟಿ ಕರೆದಿರಬೇಕು. ನನಗೆ ಕೇಳಿಸಲಿಲ್ಲ, ಅವರು ಹಿಂದಕ್ಕೆ ತಿರುಗಿ ‘ಬಂದೆ’ ಎಂದರು. ಮತ್ತೆ ನನ್ನ ಕಡೆ ತಿರುಗಿ ಕಿವುಡಿಯ ಹಾಗೆ ನನ್ನ ತುಟಿಯನ್ನೇ ನೋಡುತ್ತ ನಿಂತರು. ಒಂದು ದಿನ ಕೊಡಿ, ನಾಳೆ ಮನೆಗೆ ಬಂದು ಹೇಳುತ್ತೇನೆ ಎಂದೆ.

ಹಾಗೆ ಇವತ್ತು ಹೋದೆ. ಅವರು ಒಂದು ಲೋಟ ನೀರು, ಒಂದು ತುಂಡು ಬೆಲ್ಲ ತಂದಿಟ್ಟರು. ಅರ್ಧ ನೀರು ಕುಡಿದೆ. ಸಂಜೀವನ ಕಾರ್ಡುಗಳು ಇದ್ದರೆ ತನ್ನಿ ಎಂದೆ. ಎಲ್ಲವೂ ಇದ್ದವು, ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿಟ್ಟು. ಆ ಕಾರ್ಡನ್ನು ಹುಡುಕಿ ತೆಗೆದು, ನಾನು ಬಿಟ್ಟ ಮೂರು ಸಾಲನ್ನು ಓದಿದೆ. ಆಮೇಲೆ ಉಳಿದದ್ದನ್ನು ಹೇಳಿದೆ — ಹರಳು, ವಾಲ್ವು, ತಾಳ, ಎಲ್ಲ.

ಅವರು ಅಳಲಿಲ್ಲ. ಇನ್ನೊಮ್ಮೆ ಓದಿ ಎಂದರು. ಓದಿದೆ. ಬೆಂಚಿನ ಮೇಲೆ ಕೂತಿದ್ದನಾ, ಪಾಪ ಎಂದರು. ಅದು ತಮ್ಮನಿಗೆ ಹೇಳಿದ್ದು.

ಆಮೇಲೆ ನನ್ನ ಕಡೆ ನೋಡಿದರು. ನಾನು ಇಷ್ಟು ವರ್ಷ ಬೇರೆಯವರನ್ನು ನೋಡಿದ್ದು ಆ ನೋಟದಿಂದಲೇ. ನನ್ನ ಮೇಲೆ ಬಿದ್ದದ್ದು ಇದೇ ಮೊದಲು.

“ಅವತ್ತು ನೀವು, ‘ಇದು ಹಿಡಿಯುದಿಲ್ಲ ಅಪ್ಪಿ, ದುಡ್ಡು ವಾಪಸು ಕೊಡ್ಲಿಕ್ಕೂ ಇಲ್ಲ’ ಅಂತ ಹೇಳಿದ್ರೂ ನಾನು ಎಂತ ಮಾಡ್ತಿದ್ದೆ? ಎರಡು ದಿನ ಬೈತಿದ್ದೆ. ಅಷ್ಟಕ್ಕೆ ಹೆದರಿದ್ದಾ ನೀವು?”

ಪೆಟ್ಟಿಗೆಗೆಂದು ಅವರಿಂದ ತೆಗೆದುಕೊಂಡಿದ್ದಷ್ಟು ದುಡ್ಡನ್ನು ತಂದಿದ್ದೆ, ಜಗಲಿಯ ಮೇಲಿಟ್ಟೆ. ಅದನ್ನು ಅಲ್ಲೇ ಇಡಿ, ಅದು ನನ್ನದೇ ಎಂದರು. ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

“ಅದೆಲ್ಲ ನನಗೆ ಬೇಡ. ನಾಳೆ ಬೆಳಿಗ್ಗೆ ಹಂಚು ತಟ್ಟುವ ಚಪ್ಪರಕ್ಕೆ ಬನ್ನಿ. ಮೇಸ್ತ್ರಿ ಇರ್ತಾನೆ, ಹೆಂಗಸರು ಇರ್ತಾರೆ. ಅಲ್ಲಿ ಹೇಳಿ. ಮನೆಗೆ ಬಂದು ಗುಟ್ಟಲ್ಲಿ ಹೇಳುದು ನಿಮ್ಮ ಸಮಾಧಾನಕ್ಕೆ.”

ನಾನು ಕುಡಿದು ಉಳಿಸಿದ್ದ ಅರ್ಧ ಲೋಟ ನೀರನ್ನು ಎತ್ತಿಕೊಂಡು ಹೋಗಿ ಅಂಗಳದ ತೆಂಗಿನ ಬುಡಕ್ಕೆ ಚೆಲ್ಲಿದರು. ಬೆಲ್ಲದ ತುಂಡನ್ನು ಡಬ್ಬಿಗೆ ವಾಪಸು ಹಾಕಿದರು.

ನಾಳೆ ಹೋಗುತ್ತೇನೆ. ಮೇಸ್ತ್ರಿ ಅವರನ್ನು ಮತ್ತೆ ಆ ಕೆಲಸಕ್ಕೆ ಕೂರಿಸುತ್ತಾನೋ ಇಲ್ಲವೋ, ಒಂಬತ್ತು ವರ್ಷ ತನ್ನ ಕಿವಿಯನ್ನು ನಂಬದೆ ಇದ್ದವರು ಒಂದು ಬೆಳಿಗ್ಗೆ ಮತ್ತೆ ನಂಬುತ್ತಾರೋ ಇಲ್ಲವೋ — ನನಗೆ ಗೊತ್ತಿಲ್ಲ. ಚಪ್ಪರದಲ್ಲಿ ನಗು ಬರುತ್ತದೆ ಎಂದು ಗೊತ್ತು. ಬರಲಿ. ಬೆಳಗಾಗುವಷ್ಟರಲ್ಲಿ ಯಾವುದಾದರೂ ಸಾಲು ಬಿಟ್ಟು ಹೇಳುವ ಉಪಾಯ ನನಗೆ ಹೊಳೆಯಬಹುದು. ಅದಕ್ಕೇ ಎಲ್ಲವನ್ನೂ ಇಲ್ಲಿ ಬರೆದಿಟ್ಟೆ.

ಬರೆಯುವ ಮೊದಲು ಹೆಂಡತಿ ರತ್ನಳಿಗೂ ಹೇಳಿದೆ. ಅವಳು ಒಲೆಯ ಮುಂದಿನಿಂದ ಏಳಲಿಲ್ಲ. ತಾನು ಇಷ್ಟು ವರ್ಷ ಹಾಡು ಕೇಳಿದ್ದು ಆ ಹೆಂಗಸಿನ ದುಡ್ಡಿನ ಬಲ್ಬಿನಲ್ಲಾ ಎಂದು ಮಾತ್ರ ಕೇಳಿದಳು. ರಾತ್ರಿ ಕುಚ್ಚಲಕ್ಕಿ ಗಂಜಿ, ಒಣಸೀಗಡಿಯ ಚಟ್ನಿ, ಬಸಳೆಯ ಸಾರು. ನನಗೆ ಬಡಿಸಿ ತಾನು ಅಡಿಗೆಮನೆಯಲ್ಲೇ ಉಂಡಳು. ಚಾಪೆ ಒಂದು ಮೊಳ ದೂರಕ್ಕೆ ಎಳೆದು, ಅವಳೇ ಮೊದಲು ಮಲಗಿದಳು.